ಇಳಿಯದಿರುವ ನಿರ್ಧಾರ

ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯ ರನ್‌ವೇಗೆ ಎರಡು ತುದಿ, ಹಾಗಾಗಿ ಎರಡು ಹೆಸರು. ಕಡಲಿನತ್ತ ಮುಖಮಾಡಿ ಇಳಿಯುವ ಪೈಲಟ್‌ಗೆ ಅದು ‘24’. ಉತ್ತರದಿಂದ ಪ್ರದಕ್ಷಿಣೆಯಾಗಿ ಎಣಿಸಿದರೆ ಸುಮಾರು 240 ಡಿಗ್ರಿಯ ದಿಕ್ಕು ಎಂದು ಅದರ ಅರ್ಥ. ಗಲ್ಫ್‌ನಿಂದ ಬಂದ ವಿಮಾನ ಈ ದಿಕ್ಕಿಗೆ ಇಳಿಯಬೇಕಾದರೆ ಕಡಲ ಮೇಲಿಂದ ನೇರವಾಗಿ ಬಂದು ಕೂರುವಂತಿಲ್ಲ. ಕರಾವಳಿ ದಾಟಿ ಒಳನಾಡಿಗೆ ಬರಬೇಕು, ಬಜ್ಪೆಯಿಂದ ಹತ್ತು ನಾಟಿಕಲ್ ಮೈಲು ದೂರ ಕಾಯ್ದುಕೊಂಡು ಕಿನ್ನಿಗೋಳಿ, ಮೂಡುಬಿದಿರೆಗಳ ಆಸುಪಾಸಿನ ಆಕಾಶದಲ್ಲಿ ಬಾಗಿ ಸಾಗಬೇಕು, ಬಂಟ್ವಾಳ ತಾಲ್ಲೂಕಿನ ಸಿದ್ಧಕಟ್ಟೆಯ ಕಡೆಯಿಂದ ಪಶ್ಚಿಮಕ್ಕೆ ತಿರುಗಿ ಗುಡ್ಡದ ನೆತ್ತಿಯ ರನ್‌ವೇಯನ್ನು ಎದುರಿಗೆ ತಂದುಕೊಳ್ಳಬೇಕು. ಇನ್ನೂ ಪೂರ್ವಕ್ಕೆ ಹೋದರೆ ಬೆಳ್ತಂಗಡಿ ತಾಲ್ಲೂಕು, ಅದರ ಬೆನ್ನಿಗೆ 1,894 ಮೀಟರ್ ಎತ್ತರದ ಕುದುರೆಮುಖ. ಹಾಗಾಗಿ ಇಳಿಯುವ ಸಿದ್ಧತೆಯೆಲ್ಲ ಕಡಲಿಗೂ ಘಟ್ಟಕ್ಕೂ ನಡುವಿನ ಈ ಕಿರಿದಾದ ಪಟ್ಟಿಯಲ್ಲಿಯೇ ಮುಗಿಯಬೇಕು. ಈ ಊರುಗಳವರು ದಿನವೂ ತಲೆಯೆತ್ತಿ ನೋಡುವ ವಿಮಾನದೊಳಗೆ, ಅದೇ ಹೊತ್ತಿನಲ್ಲಿ, ಇಡೀ ಪ್ರಯಾಣದ ಅತಿ ಮುಖ್ಯವಾದ ಪ್ರಶ್ನೆಯೊಂದು ತೀರ್ಮಾನವಾಗುತ್ತಿರುತ್ತದೆ: ಇಳಿಯಬೇಕೆ, ಇಳಿಯದೆ ಮೇಲೆ ಹೋಗಬೇಕೆ?

ಇಳಿಯುವ ದಾರಿಯ ಲೆಕ್ಕ ಸರಳವಾದದ್ದು. ನೆಲದಿಂದ ರೇಡಿಯೊ ಕಿರಣಗಳು 3 ಡಿಗ್ರಿ ಇಳಿಜಾರಿನ ಅದೃಶ್ಯ ಹಾದಿಯೊಂದನ್ನು ಹಾಸಿಕೊಡುತ್ತವೆ. ಪ್ರತಿ ನಾಟಿಕಲ್ ಮೈಲಿಗೆ, ಅಂದರೆ 1.85 ಕಿಲೋಮೀಟರಿಗೆ, ಸುಮಾರು 300 ಅಡಿ ಇಳಿಯಬೇಕು. ಹತ್ತು ಮೈಲು ದೂರದಲ್ಲಿ ರನ್‌ವೇಗಿಂತ ಮೂರು ಸಾವಿರ ಚಿಲ್ಲರೆ ಅಡಿ ಮೇಲೆ, ಎರಡೂವರೆ ಮೈಲಿನಲ್ಲಿ ಎಂಟುನೂರು ಅಡಿ ಮೇಲೆ, ರನ್‌ವೇಯ ಹೊಸ್ತಿಲಲ್ಲಿ 50 ಅಡಿ. ಬೋಯಿಂಗ್ 737ರ ವೇಗಕ್ಕೆ ಇದು ನಿಮಿಷಕ್ಕೆ ಏಳುನೂರೈವತ್ತು ಅಡಿಯ ಆಸುಪಾಸಿನ ಇಳಿತ. ಒಳಗೆ ಕುಳಿತವರಿಗೆ ಇಳಿಯುತ್ತಿದ್ದೇವೆಂಬುದೇ ಸರಿಯಾಗಿ ತಿಳಿಯದಷ್ಟು ನಯ.

2010ರ ಮೇ 22ರ ಬೆಳಗಿನ ಆರು ಗಂಟೆಯ ಹೊತ್ತಿಗೆ ಈ ದಾರಿಯಲ್ಲಿ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಇತ್ತು. 160 ಪ್ರಯಾಣಿಕರು, ಆರು ಮಂದಿ ಸಿಬ್ಬಂದಿ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಮನೆಗಳಿಗೆ ಮರಳುತ್ತಿದ್ದವರೇ ಹೆಚ್ಚು. ಗಾಳಿ ನಿಂತಿತ್ತು, ಮಳೆಯಿರಲಿಲ್ಲ, ಆರು ಕಿಲೋಮೀಟರ್ ದೂರದವರೆಗೆ ಕಣ್ಣಿಗೆ ಕಾಣುತ್ತಿತ್ತು. ವಿಮಾನದ ಯಂತ್ರದಲ್ಲಿ ದೋಷವಿರಲಿಲ್ಲ. ರನ್‌ವೇ ಒಣಗಿತ್ತು. ಆದರೂ ವಿಮಾನ ರನ್‌ವೇಯಾಚೆಯ ಕೆಂಜಾರಿನ ಕಮರಿಗೆ ಬಿತ್ತು. 158 ಮಂದಿ ಸತ್ತರು, ಎಂಟು ಮಂದಿ ಬದುಕಿದರು. ಆ ದಿನದ ಸಿಟ್ಟಿನಲ್ಲಿ ಗುಡ್ಡವನ್ನು ಬೈದವರಿದ್ದರು, ರನ್‌ವೇಯನ್ನು ಬೈದವರಿದ್ದರು. ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ನೇತೃತ್ವದ ತನಿಖೆ ಬೇರೆಯದೇ ಉತ್ತರ ಕೊಟ್ಟಿತು. ಸ್ಥಿರವಾಗಿಲ್ಲದ ಇಳಿತವನ್ನು ಕ್ಯಾಪ್ಟನ್ ಕೈಬಿಡಲಿಲ್ಲ; ಸಹ ಪೈಲಟ್ ಮೂರು ಬಾರಿ ಹೇಳಿದರೂ, ಯಂತ್ರ ಮತ್ತೆ ಮತ್ತೆ ಎಚ್ಚರಿಸಿದರೂ ಇಳಿಸಲು ಮುಂದುವರಿದರು. ಅಪಘಾತದ ನೇರ ಕಾರಣ ಇದು, ಒಂದು ನಿರ್ಧಾರ.

ಆ ನಿರ್ಧಾರ ಹುಟ್ಟಿದ ಬಗೆಯನ್ನು ಹತ್ತಿರದಿಂದ ನೋಡೋಣ.

ವಿಮಾನ 37,000 ಅಡಿಯಲ್ಲಿ ಬರುತ್ತಿತ್ತು. ಅಷ್ಟು ಎತ್ತರದಿಂದ ಸಾವಕಾಶವಾಗಿ ಇಳಿಯಲು ನೂರಿಪ್ಪತ್ತು, ನೂರಮೂವತ್ತು ಮೈಲು ಬೇಕು. ಮಂಗಳೂರಿನ ರಾಡಾರ್ ಮೇ 20ರಿಂದ ಕೆಟ್ಟಿತ್ತು. ರಾಡಾರ್ ಇಲ್ಲದಾಗ ವಿಮಾನಗಳ ನಡುವಿನ ಅಂತರವನ್ನು ಪೈಲಟ್‌ಗಳು ಹೇಳುವ ದೂರದ ಲೆಕ್ಕದಲ್ಲಿಯೇ ಕಾಪಾಡಬೇಕಾಗುವುದರಿಂದ, ಇಳಿಯಲು ಅನುಮತಿ ಸಿಕ್ಕಿದ್ದು ಬಜ್ಪೆ ಎಂಬತ್ತು ಮೈಲಿನಷ್ಟು ಹತ್ತಿರವಾದ ಮೇಲೆ. ಇದು ಅಡಚಣೆಯೇ ಹೊರತು ಆಪತ್ತಲ್ಲ. ಇಳಿಯುವ ಯೋಜನೆಯನ್ನು ಬದಲಿಸಿಕೊಂಡು, ಬೇಕಿದ್ದರೆ ಆಕಾಶದಲ್ಲಿಯೇ ಒಂದು ಸುತ್ತು ಹಾಕಿ ಎತ್ತರ ಕಳೆದುಕೊಂಡರೆ ಮುಗಿಯಿತು. ಇಲ್ಲಿ ಹಾಗಾಗಲಿಲ್ಲ. ಎತ್ತರ ಇಳಿಸಲು ರೆಕ್ಕೆಯ ಮೇಲಿನ ಸ್ಪೀಡ್ ಬ್ರೇಕ್ ಹಲಗೆಗಳನ್ನು ಎತ್ತಿದರು, ಸುಮಾರು 8,500 ಅಡಿಯಲ್ಲಿಯೇ ಚಕ್ರಗಳನ್ನೂ ಕೆಳಗೆ ಬಿಟ್ಟರು. ಅಷ್ಟಾದರೂ ಕೊನೆಯ ಎರಡೂವರೆ ಮೈಲಿಗೆ ಬಂದಾಗ ವಿಮಾನ ಇರಬೇಕಾದ ಎತ್ತರಕ್ಕಿಂತ ಎರಡು ಪಟ್ಟು ಮೇಲಿತ್ತು.

ಈ ಹಂತದಲ್ಲಿ ಭೌತಶಾಸ್ತ್ರ ತನ್ನ ಬಾಕಿ ವಸೂಲಿಗೆ ನಿಲ್ಲುತ್ತದೆ. ಎತ್ತರವೂ ಶಕ್ತಿ, ವೇಗವೂ ಶಕ್ತಿ. ಒಂದನ್ನು ಕಳೆಯಲು ಹೋದರೆ ಅದು ಇನ್ನೊಂದಾಗಿ ಎದುರಿಗೆ ಬರುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯಲ್ಲಿ ಉಜಿರೆಗೆ ಇಳಿಯುವ ಬಸ್ಸಿನ ಚಾಲಕ ಮೇಲಿನ ತಿರುವಿನಲ್ಲಿಯೇ ಸಣ್ಣ ಗೇರಿಗೆ ಹಾಕಿಕೊಳ್ಳುವುದು ಇದಕ್ಕಾಗಿಯೇ. ಕೆಳಗಿನ ತಿರುವಿಗೆ ಬಂದ ಮೇಲೆ ಬ್ರೇಕ್ ಒತ್ತಿ ಎಲ್ಲವನ್ನೂ ಸರಿಮಾಡುತ್ತೇನೆಂದರೆ ಬ್ರೇಕ್ ಅಷ್ಟನ್ನು ಹೊರುವುದಿಲ್ಲ. ಬಜ್ಪೆಯ ಮುಂದೆ ಆದದ್ದನ್ನೇ ನೋಡಿ. ಕ್ಯಾಪ್ಟನ್ ಆಟೊಪೈಲಟ್ ತೆಗೆದು ಮೂತಿ ಕೆಳಗೆ ಮಾಡಿದಾಗ ಇಳಿತದ ವೇಗ ನಿಮಿಷಕ್ಕೆ ಸುಮಾರು 4,000 ಅಡಿಗೆ ಏರಿತು, ವಾಡಿಕೆಯ ಐದು ಪಟ್ಟು. ಹೊಸ್ತಿಲಲ್ಲಿ 50 ಅಡಿ ಇರಬೇಕಾದ ವಿಮಾನ 200 ಅಡಿಯಲ್ಲಿತ್ತು. ಹೆಚ್ಚಿನ 150 ಅಡಿಯನ್ನು 3 ಡಿಗ್ರಿ ಇಳಿಜಾರಿನಲ್ಲಿ ಕಳೆಯಲು 2,860 ಅಡಿ ನೆಲ ಬೇಕು. 144 ನಾಟ್ ಇರಬೇಕಾದ ವೇಗ 160 ದಾಟಿತ್ತು. ಕೇಳಲು ಹನ್ನೊಂದು ಶೇಕಡ ಹೆಚ್ಚು ಅಷ್ಟೆ, ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಬ್ರೇಕ್‌ಗಳು ನುಂಗಬೇಕಾದ ಶಕ್ತಿ ಇಪ್ಪತ್ಮೂರು ಶೇಕಡ ಹೆಚ್ಚು. ವಿಮಾನ ನೆಲಕ್ಕೆ ತಾಗಿ, ಪುಟಿದು, ಕೊನೆಗೆ ಊರಿ ಕೂತದ್ದು ಹೊಸ್ತಿಲಿನಿಂದ 5,200 ಅಡಿ ದಾಟಿದ ಮೇಲೆ. ರನ್‌ವೇ ಇದ್ದದ್ದು 8,033 ಅಡಿ. ಉಳಿದದ್ದು 2,800 ಅಡಿ.

ಇಷ್ಟರೊಳಗೆ ಸಹ ಪೈಲಟ್ ಹೇಳಬೇಕಾದದ್ದನ್ನೆಲ್ಲ ಹೇಳಿಯಾಗಿತ್ತು. ತುಂಬಾ ಎತ್ತರದಲ್ಲಿದ್ದೇವೆ ಎಂದರು. ಗೋ-ಅರೌಂಡ್ ಎಂದರು, ಅಂದರೆ ಇಳಿಯುವುದನ್ನು ಬಿಟ್ಟು ಮೇಲೇರಿ ಮತ್ತೊಮ್ಮೆ ಸುತ್ತಿ ಬರೋಣ ಎಂದು. ಇಳಿತ ಸ್ಥಿರವಾಗಿಲ್ಲ ಎಂದೂ ಹೇಳಿದರು. ಇಳಿತದ ವೇಗ ಹೆಚ್ಚಾಗಿದೆ, ಮೇಲೆತ್ತು ಎಂದು ಯಂತ್ರದ ಧ್ವನಿ ಕೂಗುತ್ತಲೇ ಇತ್ತು. ಸಹ ಪೈಲಟ್‌ಗೆ ಮಂಗಳೂರೇ ನೆಲೆ, ಇಲ್ಲಿ ಕ್ಯಾಪ್ಟನ್‌ಗಿಂತ ಎಷ್ಟೋ ಹೆಚ್ಚು ಬಾರಿ ಬಂದಿಳಿದವರು. ಕ್ಯಾಪ್ಟನ್‌ಗೆ ಹತ್ತು ಸಾವಿರ ಗಂಟೆಗೂ ಮೀರಿದ ಹಾರಾಟದ ಅನುಭವ. ಅಜ್ಞಾನ ಇಬ್ಬರಲ್ಲಿಯೂ ಇರಲಿಲ್ಲ. ನಾನು ಈ ಅಧ್ಯಾಯ ಬರೆಯಲು ಇದೇ ಕಾರಣ: ಸರಿಯಾದ ನಿರ್ಧಾರ ಆ ಕಾಕ್‌ಪಿಟ್ಟಿನಲ್ಲಿ ಬಾಯಿಬಿಟ್ಟು ಹೇಳಲ್ಪಟ್ಟಿತ್ತು, ಮೂರು ಬಾರಿ. ಅದಕ್ಕೆ ಬಲವಿರಲಿಲ್ಲ.

ಪೈಲಟ್‌ನ ನಿರ್ಧಾರವನ್ನು ವಿಜ್ಞಾನದ ವಿಷಯವಾಗಿ ಕಂಡವರಲ್ಲಿ ಮೊದಲಿಗರು ಅಮೆರಿಕದ ಸಂಶೋಧಕರು. 1977ರಲ್ಲಿ ಜೆನ್ಸನ್ ಮತ್ತು ಬೆನೆಲ್ ಎಂಬವರು 1970ರಿಂದ 1974ರವರೆಗಿನ ಸಣ್ಣ ವಿಮಾನಗಳ ಅಪಘಾತಗಳನ್ನು ವಿಂಗಡಿಸಿದರು. ಜೀವಹಾನಿಯಾದ ಅಪಘಾತಗಳಲ್ಲಿ ಪೈಲಟ್ ಎಡವಿದ್ದು ಎಲ್ಲಿ ಎಂದು ನೋಡಿದರೆ, ಅರ್ಧಕ್ಕೂ ಹೆಚ್ಚು ಕಡೆ ಕೈಚಳಕ ಸೋತಿರಲಿಲ್ಲ, ತೀರ್ಮಾನ ಸೋತಿತ್ತು. ಅಲ್ಲಿಯವರೆಗೆ ತೀರ್ಮಾನಶಕ್ತಿ ಎಂಬುದು ಅನುಭವದಿಂದ ತಾನಾಗಿ ಬರುತ್ತದೆ, ಕಲಿಸಲು ಆಗದು ಎಂಬ ನಂಬಿಕೆಯಿತ್ತು. ಕಲಿಸಬಹುದು ಎಂದು ಹೊರಟ ಎಂಬ್ರಿ-ರಿಡಲ್ ವಿಶ್ವವಿದ್ಯಾಲಯದ ತಂಡ ಪೈಲಟ್‌ಗಳನ್ನು ದಾರಿ ತಪ್ಪಿಸುವ ಐದು ಮನೋಭಾವಗಳನ್ನು ಗುರುತಿಸಿತು. ಇಂದಿಗೂ ಪೈಲಟ್ ತರಬೇತಿಯ ಪುಸ್ತಕಗಳಲ್ಲಿ ಈ ಐದು ಇವೆ.

ಅವನ್ನು ವಿವರಿಸುವುದಕ್ಕಿಂತ ಒಂದು ಪ್ರಶ್ನೆಯಲ್ಲಿ ತೋರಿಸುವುದು ಸುಲಭ. ಈ ಮನೋಭಾವಗಳನ್ನು ಅಳೆಯುವ ಪರೀಕ್ಷೆ ಇರುವುದೂ ಹಾಗೆಯೇ. ನೀವು ಬೆಂಗಳೂರಿನ ಜಕ್ಕೂರಿನಿಂದ ನಾಲ್ಕು ಸೀಟಿನ ವಿಮಾನದಲ್ಲಿ ಬಜ್ಪೆಗೆ ಹೊರಟಿದ್ದೀರಿ ಎಂದುಕೊಳ್ಳಿ. ಜೂನ್ ಮೊದಲ ವಾರ. ಮೂಡಿಗೆರೆ ದಾಟುವಾಗ ಘಟ್ಟದ ಅಂಚಿನಲ್ಲಿ ಮೋಡ ಇಳಿದಿದೆ, ಆಚೆ ಬೆಳ್ತಂಗಡಿಯ ಬಯಲು ಕಾಣುತ್ತಿಲ್ಲ. ಜೊತೆಗಿರುವವರಿಗೆ ಸಂಜೆ ಮೂಡುಬಿದಿರೆಯಲ್ಲಿ ಮದುವೆಯ ಔತಣ. ನೀವು ಮುಂದಕ್ಕೇ ಹೋದಿರಿ. ಏಕೆ? ಒಬ್ಬರು ಹೇಳುತ್ತಾರೆ, ಇಷ್ಟು ಮೋಡಕ್ಕೆ ಹೋಗಬಾರದೆಂದು ನಿಯಮ ಮಾಡಿದವರು ಎಲ್ಲೋ ಕಚೇರಿಯಲ್ಲಿ ಕೂತಿದ್ದಾರೆ, ನನಗೆ ಹೇಳಲು ಅವರು ಯಾರು? ಇನ್ನೊಬ್ಬರು ಯೋಚಿಸಲು ಹೋಗಲೇ ಇಲ್ಲ, ಮೋಡದ ನಡುವೆ ಒಂದು ಕಿಂಡಿ ಕಂಡಿತು, ನುಗ್ಗಿದರು. ಮೂರನೆಯವರಿಗೆ ಅಪಘಾತ ಎಂಬುದು ಬೇರೆಯವರಿಗೆ ಆಗುವ ಸಂಗತಿ. ನಾಲ್ಕನೆಯವರು ಇಂಥದ್ದನ್ನು ದಾಟಿ ತೋರಿಸದಿದ್ದರೆ ತಾನೆಂಥ ಪೈಲಟ್ ಎಂದುಕೊಂಡವರು. ಐದನೆಯವರು ಹಣೆಬರಹ ಎಂದು ಕೈಚೆಲ್ಲಿದವರು: ಹೊರಟಾಗಿದೆ, ಜೊತೆಗಿದ್ದವರು ಹೋಗೋಣ ಅಂದರು, ಇನ್ನು ನನ್ನ ಕೈಯಲ್ಲೇನಿದೆ? ನಿಯಮದ ಮೇಲಿನ ಅಸಡ್ಡೆ, ಅವಸರ, ತನಗೇನೂ ಆಗದೆಂಬ ಭ್ರಮೆ, ಪೌರುಷದ ಪ್ರದರ್ಶನ, ಶರಣಾಗತಿ. ಐದೂ ನಮ್ಮ ರಸ್ತೆಗಳ ಮೇಲೆ ದಿನವೂ ಕಾಣುವಂಥವೇ.

ಪ್ರತಿಯೊಂದಕ್ಕೂ ಒಂದೊಂದು ಮರುಮಾತನ್ನು ಪೈಲಟ್‌ಗಳಿಗೆ ಬಾಯಿಪಾಠ ಮಾಡಿಸುತ್ತಾರೆ. ನಿಯಮ ಪಾಲಿಸು, ಅದು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಅವಸರ ಬೇಡ, ಮೊದಲು ಯೋಚಿಸು. ನನಗೂ ಆಗಬಹುದು. ಸಾಹಸಕ್ಕೆ ಇಳಿಯುವುದು ಮೂರ್ಖತನ. ನಾನು ಅಸಹಾಯಕನಲ್ಲ, ನನ್ನಿಂದ ಬದಲಾವಣೆ ಆಗುತ್ತದೆ. ಕೇಳಲು ಮಕ್ಕಳಿಗೆ ಹೇಳುವ ಬುದ್ಧಿಮಾತಿನಂತಿದ್ದರೂ ಇದರ ಹಿಂದೆ ಗಟ್ಟಿ ಮನಶ್ಶಾಸ್ತ್ರವಿದೆ. ಒತ್ತಡದಲ್ಲಿ ಹೊಸದಾಗಿ ವಾದ ಕಟ್ಟಲು ಮಿದುಳಿಗೆ ಪುರುಸೊತ್ತಿರುವುದಿಲ್ಲ. ಮೊದಲೇ ಕಟ್ಟಿಟ್ಟ ವಾಕ್ಯವಾದರೆ ಸಮಯಕ್ಕೆ ಒದಗುತ್ತದೆ.

ಪರೀಕ್ಷೆಯ ಹಳೆಯ ರೂಪದಲ್ಲಿ ಇಂಥ ಹತ್ತು ಸನ್ನಿವೇಶಗಳು. ಪ್ರತಿಯೊಂದಕ್ಕೂ ಐದು ಉತ್ತರ. ನಿಮಗೆ ಅತಿ ಹತ್ತಿರವೆನಿಸಿದ್ದರಿಂದ ಅತಿ ದೂರದ್ದರವರೆಗೆ 1ರಿಂದ 5ರವರೆಗೆ ಅಂಕ ಕೊಡಬೇಕು. ಕೊನೆಗೆ ಐದೂ ಮನೋಭಾವಗಳ ಅಂಕಗಳನ್ನು ಬೇರೆಬೇರೆಯಾಗಿ ಕೂಡಿದರೆ ನಿಮ್ಮ ಓಟ ಯಾವ ಕಡೆಗೆ ಎಂದು ತಿಳಿಯುತ್ತದೆ. ಇದರಲ್ಲೊಂದು ದೊಡ್ಡ ತೊಡಕಿದೆ, ಪೆನ್ನು ಹಿಡಿದರೆ ಯಾರಿಗಾದರೂ ಸಿಗುವಂಥದ್ದು. ಒಂದು ಸನ್ನಿವೇಶದಲ್ಲಿ ಕೊಡುವ ಅಂಕಗಳ ಮೊತ್ತ 1, 2, 3, 4, 5 ಸೇರಿ ಯಾವಾಗಲೂ 15. ಹತ್ತು ಸನ್ನಿವೇಶಕ್ಕೆ 150. ಎಂದೂ ನಿಯಮ ಮೀರದ ಪೈಲಟ್‌ಗೂ 150, ಕಣ್ಣುಮುಚ್ಚಿ ನುಗ್ಗುವವನಿಗೂ 150. ನಿಮ್ಮೊಳಗಿನ ಐದು ದೋಷಗಳಲ್ಲಿ ಯಾವುದು ದೊಡ್ಡದು ಎಂದು ಈ ಪರೀಕ್ಷೆ ಹೇಳೀತು. ದೋಷ ಎಷ್ಟಿದೆ ಎಂದು ಹೇಳಲಾರದು. ಇಬ್ಬರು ಪೈಲಟ್‌ಗಳನ್ನು ಹೋಲಿಸಲೂ ಬರುವುದಿಲ್ಲ. 2005ರಲ್ಲಿ ಡೇವಿಡ್ ಹಂಟರ್ ಎಂಬ ಮನಶ್ಶಾಸ್ತ್ರಜ್ಞ ಹಳೆಯ ಪರೀಕ್ಷೆಯನ್ನು, ಪ್ರತಿ ಹೇಳಿಕೆಗೂ ‘ಒಪ್ಪುತ್ತೇನೆ’ಯಿಂದ ‘ಒಪ್ಪುವುದಿಲ್ಲ’ದವರೆಗೆ ಗುರುತು ಹಾಕುವ ಹೊಸ ಮಾದರಿಯೊಂದಿಗೆ ತೂಗಿ ನೋಡಿ, ಅಳತೆಯ ಸಾಧನವಾಗಿ ಹಳೆಯದು ದುರ್ಬಲ, ಹೊಸದು ವಾಸಿ ಎಂದು ತೋರಿಸಿದರು.

ಹೊಸ ಮಾದರಿಯಲ್ಲಿಯೂ ಉಳಿಯುವ ಇನ್ನೊಂದು ಮಿತಿ ನನ್ನ ಮಟ್ಟಿಗೆ ಹೆಚ್ಚು ಮುಖ್ಯ. ಈ ಪರೀಕ್ಷೆಯನ್ನು ಬರೆಯುವುದು ಹಗಲು ಹೊತ್ತಿನಲ್ಲಿ, ಮೇಜಿನ ಮುಂದೆ, ಚೆನ್ನಾಗಿ ನಿದ್ದೆಮಾಡಿ ಬಂದ ಮನುಷ್ಯ. ವಿಮಾನ ಇಳಿಸುವುದು ಆ ಮನುಷ್ಯನೇ ಆದರೂ ಆ ಮಿದುಳು ಅಲ್ಲ.

ಮಂಗಳೂರಿನ ತನಿಖೆಯಲ್ಲಿ ಇದಕ್ಕೆ ಎದೆ ಝಲ್ಲೆನಿಸುವ ಸಾಕ್ಷ್ಯವಿದೆ. ಕಾಕ್‌ಪಿಟ್ಟಿನ ಧ್ವನಿಮುದ್ರಕ ಕೊನೆಯ ಎರಡು ಗಂಟೆ ಐದು ನಿಮಿಷಗಳ ಸದ್ದನ್ನು ಉಳಿಸಿಕೊಂಡಿತ್ತು. ಅದರಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಇಬ್ಬರ ನಡುವೆ ಮಾತುಕತೆಯೇ ಇಲ್ಲ. ಗೊರಕೆ ಇದೆ, ದೀರ್ಘ ಉಸಿರಿದೆ. ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಈ ತಂಡ ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ಹಾರಿ, ಅಲ್ಲಿ ಒಂದೂವರೆ ಗಂಟೆಯೊಳಗೆ ಹಿಂತಿರುಗಿ ಹೊರಟಿತ್ತು. ದುಬೈ ಬಿಟ್ಟಾಗ ಅಲ್ಲಿಯ ಗಡಿಯಾರದಲ್ಲಿ ರಾತ್ರಿ ಒಂದು ಗಂಟೆ ದಾಟಿತ್ತು. ರಾತ್ರಿ ಎರಡರಿಂದ ಬೆಳಗಿನ ಆರರವರೆಗಿನ ಅವಧಿಯಲ್ಲಿ ದೇಹದ ಉಷ್ಣತೆ, ಚುರುಕು, ಗಮನ ಎಲ್ಲವೂ ತಳಮಟ್ಟಕ್ಕಿಳಿದಿರುತ್ತವೆ. ಎಷ್ಟು ಇಚ್ಛಾಶಕ್ತಿ ಇದ್ದರೂ ಜೀವದ ಗಡಿಯಾರ ಅದಕ್ಕೆ ಮಣಿಯುವುದಿಲ್ಲ.

ಗಾಢ ನಿದ್ದೆಯಿಂದ ಎದ್ದವನ ಮಿದುಳು ಒಮ್ಮೆಲೇ ಏಳುವುದಿಲ್ಲ. ಕಣ್ಣು, ಕೈ, ಅಭ್ಯಾಸವಾದ ಚಲನೆಗಳು ಮೊದಲು ಎಚ್ಚರಗೊಳ್ಳುತ್ತವೆ. ಹಣೆಯ ಹಿಂದಿನ ಭಾಗ, ಅಂದರೆ ಎರಡು ದಾರಿಗಳನ್ನು ತೂಗಿ ನೋಡುವ, ಹಿಡಿದ ದಾರಿಯನ್ನು ಬಿಡು ಎಂದು ಹೇಳುವ ಭಾಗ, ಕೊನೆಗೆ ಏಳುತ್ತದೆ. ಈ ಮಂಪರು ಹತ್ತಿಪ್ಪತ್ತು ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಉಳಿಯುತ್ತದೆ. ನಾಸಾದ ಅಧ್ಯಯನವೊಂದರಲ್ಲಿ ದೂರಪ್ರಯಾಣದ ಪೈಲಟ್‌ಗಳಿಗೆ ಸರದಿಯ ಮೇಲೆ 40 ನಿಮಿಷದ ವಿರಾಮ ಕೊಟ್ಟಾಗ ಅವರು ಸರಾಸರಿ 26 ನಿಮಿಷ ಮಲಗಿದರು, ಆಮೇಲೆ ಹೆಚ್ಚು ಚುರುಕಾಗಿದ್ದರು. ಹಾಗಾಗಿ ಹಾರಾಟದಲ್ಲಿ ನಿದ್ದೆ ಎಂದಾಕ್ಷಣ ಅಪರಾಧವಲ್ಲ. ಚಿಕ್ಕ ನಿದ್ದೆ ಕಾಪಾಡುತ್ತದೆ. ದೀರ್ಘ ನಿದ್ದೆಯಿಂದೆದ್ದು ಸ್ವಲ್ಪ ಹೊತ್ತಿನಲ್ಲಿಯೇ ಇಳಿಯುವ ಕೆಲಸಕ್ಕೆ ತೊಡಗುವುದು ಅಪಾಯ. ತನಿಖಾ ವರದಿಯೂ ಕ್ಯಾಪ್ಟನ್‌ರ ವಿವೇಚನೆ ಕುಂದಿರಬಹುದಾದದ್ದಕ್ಕೆ ಈ ಮಂಪರನ್ನೇ ಕಾರಣಗಳಲ್ಲಿ ಒಂದಾಗಿ ಎಣಿಸಿತು.

ಹೀಗಿರುವಾಗ ಸತ್ತ ಕ್ಯಾಪ್ಟನ್‌ರ ಮೇಲೆ ‘ಪೌರುಷ’ ಅಥವಾ ‘ಅಸಡ್ಡೆ’ ಎಂಬ ಚೀಟಿ ಅಂಟಿಸುವುದು ನನಗೆ ಸರಿಕಾಣುವುದಿಲ್ಲ. ಅವರ ಕೊನೆಯ ಮಾತುಗಳಲ್ಲಿ ಲೋಕಲೈಸರ್, ಗ್ಲೈಡ್ ಪಾತ್ ಎಂಬ ತುಂಡು ಪದಗಳಿವೆ, ರನ್‌ವೇಯ ನೇರವನ್ನೂ ಇಳಿಜಾರನ್ನೂ ತೋರಿಸುವ ರೇಡಿಯೊ ಕಿರಣಗಳ ಹೆಸರುಗಳು. ಇಳಿಜಾರಿನ ರೇಡಿಯೊ ಕಿರಣಕ್ಕೆ ಒಂದು ಗುಣವಿದೆ: ನಿಜವಾದ 3 ಡಿಗ್ರಿ ದಾರಿಯ ಮೇಲೆ, ಇನ್ನೂ ಕಡಿದಾದ ಕೋನಗಳಲ್ಲಿ ಸುಳ್ಳು ದಾರಿಗಳೂ ಹುಟ್ಟುತ್ತವೆ. ಅದಕ್ಕಾಗಿಯೇ ಕಿರಣವನ್ನು ಕೆಳಗಿನಿಂದ ಹೋಗಿ ಹಿಡಿಯಬೇಕು, ಮೇಲಿನಿಂದಲ್ಲ ಎಂದು ಕಲಿಸುವುದು. ಆ ಗಳಿಗೆಯಲ್ಲಿ ಅವರ ಮನಸ್ಸು ಸೂಚಕದ ಗೊಂದಲ ಬಿಡಿಸುವುದರಲ್ಲಿ ಸಿಕ್ಕಿಕೊಂಡಿತ್ತು ಎಂದು ಆ ಪದಗಳಿಂದ ನನಗನ್ನಿಸುತ್ತದೆ. ಸಮಸ್ಯೆ ಬಿಡಿಸುತ್ತಿರುವ ಮನಸ್ಸಿಗೆ ‘ಇದನ್ನು ಬಿಡು’ ಎಂಬ ಸಲಹೆ ಅಡ್ಡಿಯಂತೆ ಕೇಳಿಸುತ್ತದೆ. ಹಿಡಿದ ಯೋಜನೆಗೇ ಜೋತುಬೀಳುವ ಈ ಪ್ರವೃತ್ತಿ ಗುರಿ ಹತ್ತಿರವಾದಷ್ಟೂ ಬಲವಾಗುತ್ತದೆ. ರನ್‌ವೇ ಕಣ್ಣಮುಂದೆಯೇ ಇರುವಾಗ ಅದು ಅತಿ ಬಲ.

ಸಹ ಪೈಲಟ್‌ರನ್ನು ಆ ಐದು ಪೆಟ್ಟಿಗೆಗಳಲ್ಲಿ ಯಾವುದರಲ್ಲಿ ಹಾಕುತ್ತೀರಿ? ಕೈಚೆಲ್ಲಿದರು ಎನ್ನಲಾಗದು, ಮೂರು ಸಲ ಹೇಳಿದರು. ಆದರೆ ನಿಯಂತ್ರಣವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಬಜ್ಪೆಯಂಥ ಕಠಿಣ ನಿಲ್ದಾಣದಲ್ಲಿ ಇಳಿಸುವ ಹೊಣೆ ಕ್ಯಾಪ್ಟನ್‌ರದ್ದೇ ಎಂಬ ನಿಯಮವಿತ್ತು. ಯಾವಾಗ ಸಹ ಪೈಲಟ್ ತಾನೇ ವಿಮಾನವನ್ನು ಮೇಲೆತ್ತಬಹುದು ಎಂಬ ಬಗ್ಗೆ ಸೂಚನೆಗಳು ಸ್ಪಷ್ಟವಾಗಿರಲಿಲ್ಲ ಎಂದು ತನಿಖೆಯೇ ಹೇಳಿತು. ಈ ಅಸ್ಪಷ್ಟತೆಯನ್ನು ಒಬ್ಬ ಮನುಷ್ಯನ ಸ್ವಭಾವದ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ವಿಮಾನದ ಇತಿಹಾಸದಲ್ಲಿ ಇದು ಹಳೆಯ ಗಾಯ. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಚಕ್ರದ ತೊಂದರೆಯನ್ನು ಪರಿಶೀಲಿಸುತ್ತ ಸುಮಾರು ಒಂದು ಗಂಟೆ ಸುತ್ತಿ, ಇಂಧನ ಮುಗಿದು ಬಿತ್ತು, ಹತ್ತು ಮಂದಿ ಸತ್ತರು. ಇಂಧನ ಇಳಿಯುತ್ತಿದೆಯೆಂದು ಜೊತೆಗಾರರಿಗೆ ಗೊತ್ತಿತ್ತು. ಹೇಳಿದ್ದು ಮೆತ್ತಗೆ. ಮರುವರ್ಷ ನಾಸಾ ಇದರ ಮೇಲೆ ಕಾರ್ಯಾಗಾರ ಮಾಡಿತು, 1981ರಲ್ಲಿ ಅದೇ ಸಂಸ್ಥೆ ಕ್ಯಾಪ್ಟನ್‌ಗಳಿಗೆ ಕೇಳಿಸಿಕೊಳ್ಳುವುದನ್ನೂ ಕಿರಿಯರಿಗೆ ಗಟ್ಟಿಯಾಗಿ ಹೇಳುವುದನ್ನೂ ಕಲಿಸತೊಡಗಿತು. ಮೂವತ್ತು ವರ್ಷಗಳ ಮೇಲೆ ಕೆಂಜಾರಿನಲ್ಲಿ ಹೇಳಿಕೆಯೇನೋ ಗಟ್ಟಿಯಾಗಿತ್ತು. ಹೇಳಿಕೆಯನ್ನು ಕ್ರಿಯೆಗೆ ಜೋಡಿಸುವ ಕೊಂಡಿ ಇರಲಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಚಕ್ರ ನೆಲ ಮುಟ್ಟಿದ ಮೇಲೆ ಎಂಜಿನ್‌ಗಳ ರಿವರ್ಸರ್ ತೆರೆದರು, ಬ್ರೇಕ್ ಹಾಕಿದರು. ಕೆಲವೇ ಸೆಕೆಂಡುಗಳಲ್ಲಿ ಕ್ಯಾಪ್ಟನ್ ಮನಸ್ಸು ಬದಲಿಸಿ ಥ್ರಾಟಲ್‌ಗಳನ್ನು ಮುಂದಕ್ಕೆ ತಳ್ಳಿದರು. ಮೇಲೇರುವ ನಿರ್ಧಾರ, ಸಹ ಪೈಲಟ್ ಬೇಡಿಕೊಂಡ ಅದೇ ನಿರ್ಧಾರ, ಕೊನೆಗೂ ಬಂದಿತ್ತು. ಅಷ್ಟರಲ್ಲಿ ಅದು ತಪ್ಪು ನಿರ್ಧಾರವಾಗಿತ್ತು. ರಿವರ್ಸರ್ ತೆರೆದ ಮೇಲೆ ನಿಲ್ಲಿಸಲೇಬೇಕು ಎಂಬುದು ತಯಾರಕರ ಸ್ಪಷ್ಟ ನಿಯಮ. ನೆಲ ಮುಟ್ಟಿದ ಕೂಡಲೇ ಪೂರ್ತಿ ರಿವರ್ಸ್, ಪೂರ್ತಿ ಬ್ರೇಕ್ ಹಾಕಿ ಹಿಡಿದಿದ್ದರೆ ವಿಮಾನ ಹೊಸ್ತಿಲಿನಿಂದ ಸುಮಾರು 7,600 ಅಡಿಯಲ್ಲಿ, ಅಂದರೆ ರನ್‌ವೇಯ ಮೇಲೆಯೇ ನಿಲ್ಲಬಹುದಿತ್ತು ಎಂದು ಬೋಯಿಂಗ್‌ನ ಲೆಕ್ಕ ತೋರಿಸಿತು. ಸಾವಿರ ಅಡಿಯಲ್ಲಿ ಜೀವ ಉಳಿಸುತ್ತಿದ್ದ ನಿರ್ಧಾರ ನೆಲದ ಮೇಲೆ ಜೀವ ತೆಗೆಯಿತು. ವಿಮಾನ ರನ್‌ವೇ ದಾಟಿ, ಅದರಾಚೆಯ ಮರಳಿನ ಪಟ್ಟಿಯನ್ನೂ ದಾಟಿತು. ರೆಕ್ಕೆ ಲೋಕಲೈಸರ್ ಆಂಟೆನಾದ ಕಟ್ಟೆಗೆ ಬಡಿಯಿತು. ಅದರಾಚೆ ಕಮರಿ.

ಒತ್ತಡದ ಗಳಿಗೆಯಲ್ಲಿ ಆಗುವ ಇಂಥ ತಪ್ಪಿಗೆ ವಿಮಾನಶಾಸ್ತ್ರ ಕಂಡುಕೊಂಡ ಉಪಾಯ ನಿರ್ಧಾರವನ್ನು ಆ ಗಳಿಗೆಯಿಂದ ಎತ್ತಿ ಮೊದಲೇ ಮಾಡಿಡುವುದು. ನೆಲದಿಂದ 1,000 ಅಡಿ ಎತ್ತರದಲ್ಲಿ, ಆಕಾಶ ತಿಳಿಯಾಗಿದ್ದರೆ 500 ಅಡಿಯಲ್ಲಿ, ಒಂದು ಅದೃಶ್ಯ ಗೇಟು. ವೇಗ ಮಿತಿಯಲ್ಲಿದೆಯೆ, ಇಳಿತ ನಿಮಿಷಕ್ಕೆ 1,000 ಅಡಿಯೊಳಗಿದೆಯೆ, ಚಕ್ರ, ರೆಕ್ಕೆಯ ಫ್ಲ್ಯಾಪ್‌ಗಳು ಸಿದ್ಧವಿವೆಯೆ, ದಾರಿ ನೇರವಿದೆಯೆ? ಒಂದಕ್ಕೆ ‘ಇಲ್ಲ’ ಬಂದರೂ ಮೇಲೇರಬೇಕು. ತೂಗಿ ನೋಡುವ ಮಾತೇ ಇಲ್ಲ. ಇಬ್ಬರಲ್ಲಿ ಯಾರು ಗೋ-ಅರೌಂಡ್ ಎಂದರೂ ಇನ್ನೊಬ್ಬರು ಆಗಲೇ ಮೇಲೆತ್ತಬೇಕು, ಚರ್ಚೆ ನೆಲಕ್ಕಿಳಿದ ಮೇಲೆ. ಮಂಪರಿನ ಮಿದುಳು ತೂಗಿ ನೋಡಲಾರದು, ಆದರೆ ಗೇಟಿನ ಮುಂದೆ ನಿಲ್ಲಬಲ್ಲದು.

ಉಪಾಯ ಬಹಳ ಒಳ್ಳೆಯದು. ಆದರೆ ಫ್ಲೈಟ್ ಸೇಫ್ಟಿ ಫೌಂಡೇಶನ್ ಜಗತ್ತಿನ ವಿಮಾನ ಸಂಸ್ಥೆಗಳ ಅನುಭವವನ್ನು ಅಧ್ಯಯನ ಮಾಡಿದಾಗ ಕಂಡದ್ದು ಬೇರೆ: ಸ್ಥಿರವಲ್ಲದ ಇಳಿತಗಳಲ್ಲಿ ನೂರಕ್ಕೆ ತೊಂಬತ್ತೇಳರಷ್ಟನ್ನು ಪೈಲಟ್‌ಗಳು ಇಳಿಸಿಯೇ ತೀರುತ್ತಾರೆ. ಹೆಚ್ಚಿನವು ಏನೂ ಆಗದೆ ಮುಗಿಯುವುದರಿಂದ ಪ್ರತಿ ಸಲವೂ ‘ನಡೆಯುತ್ತದೆ’ ಎಂಬ ಪಾಠವೇ ಗಟ್ಟಿಯಾಗುತ್ತದೆ. ಮೂರು ಕಿಲೋಮೀಟರ್ ಉದ್ದದ ಬಯಲು ರನ್‌ವೇಯಲ್ಲಿ ಕಲಿತ ಈ ಪಾಠ ಗುಡ್ಡದ ಮೇಲಿನ ರನ್‌ವೇಗೆ ಬಂದಾಗ ಕೊಲ್ಲುತ್ತದೆ. ಬಜ್ಪೆಯಲ್ಲಿ ಹಿಂದೆಯೂ ಎಚ್ಚರಿಕೆ ಸಿಕ್ಕಿತ್ತು. 1981ರ ಆಗಸ್ಟ್ 19ರಂದು, ಇನ್ನೂ ಹಳೆಯ ಗಿಡ್ಡ ರನ್‌ವೇ ಇದ್ದಾಗ, ಇಂಡಿಯನ್ ಏರ್‌ಲೈನ್ಸ್‌ನ ಆವ್ರೊ ವಿಮಾನ ಮಳೆಯಲ್ಲಿ ರನ್‌ವೇ ದಾಟಿ ಅಂಚಿನಲ್ಲಿ ನಿಂತಿತು. ಯಾರೂ ಸಾಯಲಿಲ್ಲ. ಆಗ ರಾಜ್ಯದ ಹಣಕಾಸು ಸಚಿವರಾಗಿದ್ದ ಮೂಡುಬಿದಿರೆಯ ವೀರಪ್ಪ ಮೊಯಿಲಿ ಅದರಲ್ಲಿದ್ದರು.

2020ರ ಆಗಸ್ಟ್ 7ರ ಮಳೆಯ ಸಂಜೆ ಕೋಯಿಕ್ಕೋಡಿನ ಕರಿಪುರದಲ್ಲಿ, ಅದೂ ಗುಡ್ಡದ ನೆತ್ತಿಯ ರನ್‌ವೇಯೇ, ದುಬೈನಿಂದ ಬಂದ ಅದೇ ಸಂಸ್ಥೆಯ 1344 ಸಂಖ್ಯೆಯ ವಿಮಾನ ಹಿಂದಿನಿಂದ ಬೀಸುವ ಗಾಳಿಯಲ್ಲಿ ಇಳಿದು, ರನ್‌ವೇಯ ಅರ್ಧದಷ್ಟು ದೂರದಲ್ಲಿ ನೆಲ ಮುಟ್ಟಿ, ಅಂಚು ದಾಟಿ ಕೆಳಗುರುಳಿತು. 21 ಮಂದಿ ಸತ್ತರು, ಇಬ್ಬರೂ ಪೈಲಟ್‌ಗಳು ಸೇರಿ. ತನಿಖಾ ವರದಿ ಓದುವಾಗ ನನಗೆ ಸಂಕಟವಾಯಿತು. ಸಹ ಪೈಲಟ್ ಗೋ-ಅರೌಂಡ್ ಎಂದು ಹೇಳಿದ್ದರು. ಕ್ಯಾಪ್ಟನ್ ಮುಂದುವರಿದರು. ಸಹ ಪೈಲಟ್ ನಿಯಂತ್ರಣ ಕೈಗೆ ತೆಗೆದುಕೊಳ್ಳಲಿಲ್ಲ. ಹತ್ತು ವರ್ಷಗಳ ಅಂತರದಲ್ಲಿ ಅದೇ ವಾಕ್ಯಗಳು. ಅಲ್ಲಿ ಕ್ಯಾಪ್ಟನ್ ಮಲಗಿರಲಿಲ್ಲ. ಹಾಗಾಗಿ ನಿದ್ದೆಯೊಂದನ್ನೇ ಹಿಡಿದು ಕೆಂಜಾರಿನ ಕಥೆ ಮುಗಿಸುವುದಕ್ಕೂ ಬರುವುದಿಲ್ಲ. ಈಗಿನ ತರಬೇತಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬಯಸುವುದು ಇದನ್ನು: ಸಿಮ್ಯುಲೇಟರಿನಲ್ಲಿ ಕ್ಯಾಪ್ಟನ್ ಬೇಕೆಂದೇ ಮಾತು ಕೇಳದಿರುವ ಪಾಠ, ಸಹ ಪೈಲಟ್ ‘ನಿಯಂತ್ರಣ ನನ್ನದು’ ಎಂದು ಹೇಳಿ ಥ್ರಾಟಲ್ ತಳ್ಳುವವರೆಗೆ ಮತ್ತೆ ಮತ್ತೆ. ಕೈಗೆ ರೂಢಿಯಾಗದ ಅಧಿಕಾರ ಕಾಗದದಲ್ಲಿದ್ದು ಪ್ರಯೋಜನವಿಲ್ಲ.

ಪ್ರಯಾಣಿಕರಾದ ನಮಗೂ ಈ ನಿರ್ಧಾರದಲ್ಲಿ ಪಾಲಿದೆ. ಜೂನ್, ಜುಲೈ ತಿಂಗಳಲ್ಲಿ ಬಜ್ಪೆಯ ಮೇಲೆ ಮೋಡ ಕೂತಾಗ ವಿಮಾನ ಇನ್ನೇನು ಇಳಿಯಿತು ಎನ್ನುವಷ್ಟರಲ್ಲಿ ಎಂಜಿನ್ ಗರ್ಜಿಸಿ ಮೇಲೇರುತ್ತದೆ. ಒಳಗೆ ಗಾಬರಿ, ದೇವರ ಹೆಸರು, ಆಮೇಲೆ ಸಿಟ್ಟು. ಬೆಂಗಳೂರಿಗೋ ಕೊಚ್ಚಿಗೋ ತಿರುಗಿಸಿದರೆ ಸಿಬ್ಬಂದಿಯೊಡನೆ ಜಗಳ. ಮನೆಯವರು ಬಂಟ್ವಾಳದಿಂದ ಕಾರು ಮಾಡಿಕೊಂಡು ಬಂದು ಕಾಯುತ್ತಿರುತ್ತಾರೆ, ಸಿಟ್ಟು ಸಹಜವೇ. ಆದರೆ ಆ ಏರಿಕೆಗೆ ಬೇಕಾದದ್ದೆಲ್ಲ ಹೊರಡುವ ಮೊದಲೇ ಲೆಕ್ಕಹಾಕಿ ತುಂಬಿರುತ್ತದೆ: ಗುರಿ ತಲುಪುವಷ್ಟು ಇಂಧನ, ಅಲ್ಲಿ ಇಳಿಯಲಾಗದಿದ್ದರೆ ಮೇಲೇರಿ ಬದಲಿ ನಿಲ್ದಾಣಕ್ಕೆ ಹೋಗುವಷ್ಟು, ಅಲ್ಲಿ ಇನ್ನೂ ಅರ್ಧ ಗಂಟೆ ಸುತ್ತುವಷ್ಟು. ಬೆಂಗಳೂರಿನಲ್ಲಿಳಿದು, ಮೋಡ ಸರಿದ ಮೇಲೆ ಮತ್ತೆ ಇಂಧನ ತುಂಬಿಕೊಂಡು ಬಜ್ಪೆಗೆ ಬರಲು ಎರಡು ಮೂರು ಗಂಟೆ ಹಿಡಿಯಬಹುದು, ಕೆಲವೊಮ್ಮೆ ಮರುದಿನ ಬೆಳಗಾಗಬಹುದು. ಆ ವಿಮಾನದಿಂದ ಇಳಿಯುವಾಗ ಬಾಗಿಲ ಬಳಿ ನಿಂತ ಪೈಲಟ್‌ಗೆ, ಮೇಲೇರಿದ್ದು ಒಳ್ಳೆಯದಾಯಿತು ಎಂದು ಒಂದು ಮಾತು ಹೇಳಿ ಹೋಗಬಹುದು.